ಮೂಲ ತಳಿ ಯಾರ ಮನೆಯಲ್ಲಿದೆ

ಸಂಜೆ ನಾಲ್ಕರ ಹೊತ್ತಿಗೆ ರಟ್ಟೀಹಳ್ಳಿ ಸುತ್ತಿನ ಸೀಡ್ಸ್ ಪ್ಲಾಟುಗಳಲ್ಲಿ ಮಾತು ಕಡಿಮೆಯಾಗುತ್ತದೆ. ಟೊಮೆಟೊ ಸಾಲಿನ ನಡುವೆ ಕೂತ ಹೆಣ್ಣುಮಕ್ಕಳ ಕಣ್ಣೆಲ್ಲ ಮೊಗ್ಗಿನ ಮೇಲೆ. ಇನ್ನೂ ಅರಳದ ಮೊಗ್ಗನ್ನು ಎಡಗೈಯ ಎರಡು ಬೆರಳಲ್ಲಿ ಹಿಡಿದು, ಬಲಗೈಯ ಚಿಮಟಿಗೆಯಿಂದ ಎಸಳು ಬಿಡಿಸಿ, ಒಳಗಿನ ಹಳದಿ ಕೇಸರವನ್ನು ಇಡಿಯಾಗಿ ಕಿತ್ತು ತೆಗೆಯಬೇಕು. ನಡುವಿನ ಎಳೆಯ ಹಸಿರು ಕಡ್ಡಿಗೆ ಮಾತ್ರ ಗಾಯವಾಗಬಾರದು. ಮರುದಿನ ಬೆಳಿಗ್ಗೆ ಗಂಡು ಸಾಲಿನ ಹೂವಿನಿಂದ ತೆಗೆದ ಪುಡಿಯನ್ನು ಆ ಕಡ್ಡಿಯ ತುದಿಗೆ ಮುಟ್ಟಿಸಿ, ಗುರುತಿಗೆಂದು ಹೂವಿನ ಬುಡದ ಎರಡು ಹಸಿರು ದಳ ಚಿವುಟಿ ಬಿಡಬೇಕು. ನಮ್ಮ ಕಡೆ ಇದಕ್ಕೆ ಕ್ರಾಸಿಂಗ್ ಎನ್ನುತ್ತಾರೆ. ರಾಣೆಬೆನ್ನೂರು, ಹಿರೇಕೆರೂರು, ರಟ್ಟೀಹಳ್ಳಿ ಸೀಮೆಯ ಎಷ್ಟೋ ಮನೆಗಳ ಕಾಲೇಜು ಫೀ ಹುಟ್ಟುವುದು ಈ ಚಿಮಟಿಗೆಯ ತುದಿಯಲ್ಲಿ.

ಅಂಥದೊಂದು ಪ್ಲಾಟಿನಲ್ಲಿ ಹೋದ ತಿಂಗಳು ನಿಂತಿದ್ದೆ. ಬಿಸಿಎ ಕೊನೆಯ ವರ್ಷದಲ್ಲಿ ಓದುವ ಹುಡುಗಿ, ತಾಯಿಯ ಪಕ್ಕದ ಸಾಲಿನಲ್ಲಿ ಕೂತವಳು, ಮೊಗ್ಗಿನಿಂದ ಕಣ್ಣು ತೆಗೆಯದೆ ಕೇಳಿದಳು: "ಅಣ್ಣಾ, ಓಪನ್ ಸೋರ್ಸ್ ಅಂದ್ರ ಮಾಡಿದ್ದನ್ನ ಪುಕ್ಕಟ ಕೊಡೂದಲ್ಲಾ? ಪುಕ್ಕಟ ಕೊಟ್ಟವ್ರಿಗೆ ನೌಕರಿ ಯಾರು ಕೊಡ್ತಾರ್ರೀ?"

ನಾನು ಬಾಯಿ ತೆರೆಯುವ ಮೊದಲೇ ತಾಯಿ, "ಪುಕ್ಕಟ ಕೊಡಾಕ ನಾವೇನ್ ದೇಸಗತಿ ಮನ್ಯಾವ್ರೇನವ್ವಾ?" ಎಂದರು.

ಇಪ್ಪತ್ತು ವರ್ಷದಿಂದ ಕೋಡ್ ಬರೆದು ಹೊಟ್ಟೆ ಹೊರೆಯುತ್ತಿರುವ ನನಗೆ ಈ ಪ್ರಶ್ನೆ ಹೊಸದಲ್ಲ. ಆದರೆ ಅದಕ್ಕೆ ಇಷ್ಟು ಹತ್ತಿರದ ಉತ್ತರ ಆ ಪ್ಲಾಟಿನಲ್ಲೇ ಇದೆಯೆಂದು ಹೊಳೆದಿರಲಿಲ್ಲ.

ಹಂಗಾಮಿನ ಆರಂಭಕ್ಕೆ ಬೀಜ ಕಂಪನಿಯ ಪರವಾಗಿ ಆರ್ಗನೈಸರ್ ಎರಡು ಪೊಟ್ಟಣ ತಂದುಕೊಡುತ್ತಾನೆ. ಒಂದು ಹೆಣ್ಣು, ಇನ್ನೊಂದು ಗಂಡು. ಅವು ಯಾವ ತಳಿ, ಎಲ್ಲಿಂದ ಬಂದವು ಎಂಬುದು ಬೆಳೆಯುವವರಿಗೆ ಗೊತ್ತಿರುವುದಿಲ್ಲ; ಅವರ ಮಟ್ಟಿಗೆ ಅದೊಂದು ನಂಬರು. ಬಂದ ಬೀಜವನ್ನೆಲ್ಲ ತೂಗಿ ಕಂಪನಿಗೇ ಒಪ್ಪಿಸಬೇಕು, ಜಿಓಟಿ ಎಂಬ ಬೀಜದ ಶುದ್ಧಿಯ ಪರೀಕ್ಷೆ ಪಾಸಾದ ಮೇಲೆ ದುಡ್ಡು. ಆ ಬೀಜವನ್ನು ಅಂಗಡಿಯಲ್ಲಿ ಕೊಂಡು ಬೆಳೆದ ರೈತ, ಹಣ್ಣು ಚೆನ್ನಾಗಿದೆಯೆಂದು ಅದರಲ್ಲೇ ಬೀಜ ಹಿಡಿದು ಮರುವರ್ಷ ಬಿತ್ತಿದರೆ ಗಿಡಗಳು ಒಂದೊಂದು ಒಂದೊಂದು ಥರ ಬರುತ್ತವೆ. ಎರಡು ತಳಿ ಕೂಡಿದಾಗ ಬಂದ ಗುಣ ಮುಂದಿನ ಪೀಳಿಗೆಯಲ್ಲಿ ಒಡೆದು ಚದುರಿಹೋಗುತ್ತದೆ. ಮತ್ತೆ ಅದೇ ಬೆಳೆ ಬೇಕಾದರೆ ಆ ಎರಡು ಮೂಲ ತಳಿ ಬೇಕು. ಅವು ಇರುವುದು ಕಂಪನಿಯ ಮನೆಯಲ್ಲಿ.

ತಂತ್ರಾಂಶದ ವಿಷಯವೂ ಇಷ್ಟೇ. ಪ್ರೋಗ್ರಾಮರ್ ಬರೆಯುವುದು ಮನುಷ್ಯರು ಓದಬಹುದಾದ ಸಾಲುಗಳನ್ನು. ಅದು ಮೂಲಸಂಕೇತ, ಸೋರ್ಸ್ ಕೋಡ್. ಅದನ್ನು ಯಂತ್ರದ ಭಾಷೆಗೆ ಇಳಿಸಿ ನಮಗೆ ಕೊಡುತ್ತಾರೆ. ಇಳಿಸಿದ್ದನ್ನು ಓಡಿಸಬಹುದು, ಅದು ಕೆಲಸವನ್ನೂ ಮಾಡುತ್ತದೆ. ಆದರೆ ಕೆಟ್ಟರೆ ಸರಿ ಮಾಡಲಾಗದು, ನಮ್ಮೂರಿಗೆ ತಕ್ಕಂತೆ ತಿದ್ದಲಾಗದು. ಅಂಗಡಿಯ ಹೈಬ್ರಿಡ್ ಪಾಕೀಟು ಅದು. ಮುಕ್ತ ತಂತ್ರಾಂಶ ಎಂದರೆ ಪಾಕೀಟಿನ ಜೊತೆಗೆ ಗಂಡು, ಹೆಣ್ಣು ಎರಡೂ ಮೂಲ ತಳಿಗಳನ್ನು, ಕ್ರಾಸಿಂಗ್ ಮಾಡುವ ವಿಧಾನವನ್ನೂ ಕೈಗೆ ಕೊಟ್ಟ ಹಾಗೆ. ದುಡ್ಡು ತೆಗೆದುಕೊಂಡೇ ಕೊಡಬಹುದು. ಅಡ್ಡಿಯಿಲ್ಲ. ಪುಕ್ಕಟೆ ಎನ್ನುವುದು ಬೆಲೆಯ ಮಾತು, ಮುಕ್ತ ಎನ್ನುವುದು ಹಕ್ಕಿನ ಮಾತು. ಎರಡನ್ನೂ ಕಲಸಿಕೊಂಡದ್ದರಿಂದಲೇ ನಮ್ಮ ಹುಡುಗರು ಅರ್ಧ ದಾರಿ ತಪ್ಪಿದ್ದಾರೆ ಎಂದು ನನ್ನ ನಂಬಿಕೆ.

ಬೀಜದ ಮಾತು ಬಂದಾಗ ಇದನ್ನೂ ಹೇಳಬೇಕು. ನಮ್ಮ ದೇಶದ 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆಯ 39ನೇ ಕಲಮು, ಕಂಪನಿ ನೋಂದಾಯಿಸಿದ ತಳಿಯನ್ನೂ ರೈತ ಕೂಡಿಡಬಹುದು, ಬಿತ್ತಬಹುದು, ಹಂಚಬಹುದು, ಮಾರಲೂಬಹುದು ಎನ್ನುತ್ತದೆ. ಬ್ರಾಂಡಿನ ಹೆಸರು ಹಾಕಿ ಮಾರಬಾರದು ಅಷ್ಟೇ. 2019ರಲ್ಲಿ ಗುಜರಾತಿನ ಆಲೂಗಡ್ಡೆ ಬೆಳೆಗಾರರ ಮೇಲೆ ಪೆಪ್ಸಿಕೋ ಕೋರ್ಟಿಗೆ ಹೋಗಿ, ಊರೆಲ್ಲ ತಿರುಗಿಬಿದ್ದ ಮೇಲೆ ದಾವೆ ಹಿಂತೆಗೆದುಕೊಂಡದ್ದು ಈ ಕಲಮಿನ ಕಾರಣಕ್ಕೇ ದೇಶದ ಬಾಯಿಗೆ ಬಂತು. ನಮ್ಮ ಅಜ್ಜಿಯರು ಜವಾರಿ ಹೆಸರು, ಅಲಸಂದಿ ಬೀಜಗಳನ್ನು ಬೂದಿ ಹಚ್ಚಿ ಗಡಿಗೆಯಲ್ಲಿ ತುಂಬಿಟ್ಟು, ಕೇಳಿದವರಿಗೆ ಒಂದು ಸೇರು ಕೊಟ್ಟು, ಸುಗ್ಗಿಗೆ ಒಂದೂಕಾಲು ಸೇರು ಇಸಿದುಕೊಳ್ಳುತ್ತಿದ್ದರು. ಲೆಕ್ಕವಿಲ್ಲದ ದಾನ ಅದಾಗಿರಲಿಲ್ಲ. ಕೊಟ್ಟದ್ದು ಬೆಳೆದು ವಾಪಸು ಬರಬೇಕೆಂಬ ಕಟ್ಟುಪಾಡು ಅದಕ್ಕಿತ್ತು.

ತಂತ್ರಾಂಶ ಲೋಕದಲ್ಲಿ ಆ ಕಟ್ಟುಪಾಡನ್ನು ಕಾಗದದ ಮೇಲೆ ಬರೆದವರು ರಿಚರ್ಡ್ ಸ್ಟಾಲ್‌ಮನ್. ಅಮೆರಿಕದ ಎಂಐಟಿಯ ಪ್ರಯೋಗಾಲಯಕ್ಕೆ ಬಂದ ಹೊಸ ಪ್ರಿಂಟರಿನಲ್ಲಿ ಕಾಗದ ಸಿಕ್ಕಿಕೊಳ್ಳುತ್ತಿತ್ತು. ಹಳೆಯ ಪ್ರಿಂಟರಿನ ತಂತ್ರಾಂಶವನ್ನು ಅವರೇ ತಿದ್ದಿಕೊಂಡಿದ್ದರು, ಹೊಸದರ ಮೂಲಸಂಕೇತವನ್ನು ಅದು ಇದ್ದವರು ಅವರಿಗೆ ಕೊಡಲು ಒಪ್ಪಲಿಲ್ಲ. ಆ ಸಿಟ್ಟು 1983ರಲ್ಲಿ ಗ್ನೂ ಯೋಜನೆಯಾಯಿತು, 1989ರಲ್ಲಿ ಜಿಪಿಎಲ್ ಎಂಬ ಪರವಾನಗಿಯಾಯಿತು. ಅದು ಹೇಳುವುದಿಷ್ಟು: ಓದಿ, ತಿದ್ದಿ, ಹಂಚಿ, ಮಾರಿ. ಆದರೆ ತಿದ್ದಿದ್ದನ್ನು ಹಂಚುವಾಗ ನಿಮ್ಮಿಂದ ಪಡೆದವರಿಗೂ ಇದೇ ಹಕ್ಕು ಕೊಡಿ. ಒಂದೂಕಾಲು ಸೇರಿನ ಲೆಕ್ಕವೇ ಇದು. 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲೈನಸ್ ಟೊರ್ವಾಲ್ಡ್ಸ್ ಬರೆಯಲು ತೊಡಗಿದ ಲಿನಕ್ಸ್ ಮರುವರ್ಷ ಈ ಪರವಾನಗಿಯಡಿ ಬಂತು. ಇಂದು ನಮ್ಮ ಸಂತೆಯಲ್ಲಿ ಸೊಪ್ಪು ಮಾರುವ ಅಜ್ಜಿಯ ಆಂಡ್ರಾಯ್ಡ್ ಫೋನಿನ ತಳದಲ್ಲಿ ಇರುವುದು ಅದೇ ಲಿನಕ್ಸ್. ಫೋನಿನ ಸೆಟ್ಟಿಂಗ್ಸ್‌ನಲ್ಲಿ ಕಾನೂನು ಮಾಹಿತಿ ಎಂಬಲ್ಲಿಗೆ ಹೋಗಿ ನೋಡಿ, ಎಳೆದಷ್ಟೂ ಮುಗಿಯದ ಪರವಾನಗಿಗಳ ಪಟ್ಟಿ ಸಿಗುತ್ತದೆ. ಒಂದೊಂದರ ಹಿಂದೆಯೂ ಬರೆದವರ ಹೆಸರಿದೆ.

ಕನ್ನಡಿಗರಿಗೆ ಈ ಪಾಠ ಬೇರೆ ಯಾರೂ ಹೇಳಿಕೊಡಬೇಕಿಲ್ಲ, ನಾವು ಪೆಟ್ಟು ತಿಂದೇ ಕಲಿತಿದ್ದೇವೆ. ಬಸ್‌ಸ್ಟ್ಯಾಂಡ್ ಪಕ್ಕದ ಡಿಟಿಪಿ ಅಂಗಡಿಯೊಂದರಲ್ಲಿ ಈಚೆಗೆ ಒಬ್ಬರು ಹಿರಿಯರು ಪೆನ್‌ಡ್ರೈವ್ ಹಿಡಿದು ನಿಂತಿದ್ದರು. ಸಹಕಾರಿ ಸಂಘದ ಹದಿನೈದು ವರ್ಷದ ಹಿಂದಿನ ನಡಾವಳಿ ಬೇಕಿತ್ತು. ಫೈಲು ತೆರೆಯಿತು. ಪರದೆಯ ತುಂಬ ಇಂಗ್ಲಿಷ್ ಅಕ್ಷರ, ತಲೆಯ ಮೇಲೆ ಚುಕ್ಕೆ, ಬಾಲ, ಗೀಟು. ಕನ್ನಡದ ಒಂದಕ್ಷರವೂ ಇಲ್ಲ. "ನಾನ ಟೈಪ್ ಮಾಡ್ಸಿದ್ದು ತಮ್ಮಾ, ಎಲ್ಲಾ ಕನ್ನಡದಾಗಿತ್ತು" ಎಂದು ಅವರು ಹೇಳುತ್ತಲೇ ಇದ್ದರು. ಕನ್ನಡದಲ್ಲೇ ಇತ್ತು, ಸುಳ್ಳಲ್ಲ. ಆ ಕಾಲದ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ಕೂಡಿಸಿ ಕಣ್ಣಿಗೆ ಮಾತ್ರ ಕನ್ನಡ ತೋರಿಸುತ್ತಿದ್ದವು. ಆ ಫಾಂಟು ಇಲ್ಲದ ಕಂಪ್ಯೂಟರಿನಲ್ಲಿ ಬಣ್ಣ ಬಯಲು. ಹೀಗೆ ಬೀಗ ಬಿದ್ದ ನಡಾವಳಿ, ಠರಾವು, ಕಥೆ, ಕವಿತೆ ನಮ್ಮ ಜಿಲ್ಲೆಯಲ್ಲೇ ಎಷ್ಟಿರಬಹುದೋ!

ಆದರೆ ಅದೇ ಕಾಲದಲ್ಲಿ ದೊಡ್ಡ ಕೈಗಳೂ ಇದ್ದವು. ಕೆ.ಪಿ. ರಾವ್ ಅವರನ್ನು ನೆನೆಯದೆ ಕನ್ನಡದ ಗುಂಡಿ ಒತ್ತಬಾರದು. ಕಿನ್ನಿಕಂಬಳದ ಈ ಮನುಷ್ಯ ಇಂಗ್ಲಿಷಿನ ಇಪ್ಪತ್ತಾರು ಗುಂಡಿಗಳಲ್ಲೇ ಇಡೀ ಕನ್ನಡವನ್ನು ಕೂರಿಸಿದರು. ಕೆ ಒತ್ತಿದರೆ ಕ, ಶಿಫ್ಟ್ ಹಿಡಿದು ಒತ್ತಿದರೆ ಖ. ನಡುವೆ ಎಫ್ ಒತ್ತಿದರೆ ಒತ್ತಕ್ಷರ. ಇಷ್ಟನ್ನು ಕಲಿಯಲು ಒಂದು ಮಧ್ಯಾಹ್ನ ಸಾಕು. ಈ ಕೀಲಿಮಣೆಯ ಮೇಲೆ ಹಕ್ಕು ಹೂಡಿ ಕೂತಿದ್ದರೆ ಕರ್ನಾಟಕದ ಒಂದೊಂದು ಕಚೇರಿಯಿಂದಲೂ ಹಣ ಬರುತ್ತಿತ್ತೇನೋ. ಅವರು ಎಲ್ಲರಿಗೂ ಬಿಟ್ಟುಕೊಟ್ಟರು. ಸರ್ಕಾರ ಅದನ್ನೇ ಪ್ರಮಾಣವೆಂದು ಒಪ್ಪಿತು, ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶ ಅದನ್ನೇ ಬಳಸಿತು. ಇಂದು ಲಿನಕ್ಸ್ ಹಾಕಿದ ಯಾವ ದೇಶದ ಕಂಪ್ಯೂಟರಿನಲ್ಲೂ ಕೀಲಿಮಣೆಗಳ ಪಟ್ಟಿ ತೆರೆದರೆ 'ಕಗಪ' ಎಂಬ ಹೆಸರು ಕಾಣುತ್ತದೆ. ಕನ್ನಡ ಗಣಕ ಪರಿಷತ್ತಿನ ಮೊದಲಕ್ಷರಗಳು ಅವು.

'ಬರಹ' ಎಂಬ ತಂತ್ರಾಂಶದ ಕಥೆ ಬೇರೆ. 1998ರಲ್ಲಿ ಶೇಷಾದ್ರಿ ವಾಸು ಅದನ್ನು ಹಣವಿಲ್ಲದೆ ಹಂಚಿದಾಗ ದೇಶ-ವಿದೇಶದ ಕನ್ನಡಿಗರು ಕನ್ನಡದಲ್ಲಿ ಪತ್ರ ಬರೆಯುವಂತಾಯಿತು. ಆ ಉಪಕಾರ ದೊಡ್ಡದು. ಮುಂದೆ ಅದು ಕೊಂಡುಕೊಳ್ಳುವ ತಂತ್ರಾಂಶವಾಯಿತು. ಮಾಡಿದವರಿಗೆ ಆ ಹಕ್ಕು ಪೂರ್ತಿ ಇತ್ತು, ದೂರುವ ಮಾತೇ ಇಲ್ಲ. ಪುಕ್ಕಟೆಗೂ ಮುಕ್ತಕ್ಕೂ ಇರುವ ಅಂತರಕ್ಕೆ ಮಾತ್ರ ಇದು ಒಳ್ಳೆಯ ಉದಾಹರಣೆ. ಪುಕ್ಕಟೆ ಸಿಕ್ಕದ್ದು ನಾಳೆ ನಿಲ್ಲಬಹುದು. ಮೂಲಸಂಕೇತ ಪರವಾನಗಿಯೊಂದಿಗೆ ಒಮ್ಮೆ ಹೊರಬಿದ್ದರೆ ಬರೆದವರು ಕೈಬಿಟ್ಟರೂ ಇನ್ನೊಬ್ಬರು ಮುಂದುವರಿಸಬಹುದು.

ಆ ಹಿರಿಯರ ನಡಾವಳಿಗೂ ಅಂಥ ಕೈಗಳೇ ಒದಗಿ ಬಂದವು. ಹಳೆಯ ಫಾಂಟಿನ ಬರಹವನ್ನು ಎಲ್ಲ ಕಂಪ್ಯೂಟರಿನಲ್ಲೂ ಓದಬಹುದಾದ ಯೂನಿಕೋಡಿಗೆ ತರುವ ಪರಿವರ್ತಕವನ್ನು ಅರವಿಂದ ವಿ.ಕೆ. ಎಂಬ ಕನ್ನಡದ ಪ್ರೋಗ್ರಾಮರ್ ಬರೆದು ಮೂಲಸಂಕೇತ ಸಮೇತ ಇಟ್ಟಿದ್ದಾರೆ. ಗುಬ್ಬಿ, ನವಿಲು ಎಂಬ ಮುಕ್ತ ಫಾಂಟುಗಳೂ ಅವರವೇ. ವಿ. ಕೃಷ್ಣ ಎಂಬವರು ನಾಲ್ಕು ದಶಕ ಒಬ್ಬರೇ ಕೂತು ಕನ್ನಡ-ಇಂಗ್ಲಿಷ್ ನಿಘಂಟು ಕಟ್ಟಿದರು. ಒಂದೂವರೆ ಲಕ್ಷಕ್ಕೂ ಹೆಚ್ಚು ಪದ, 2,40,000ಕ್ಕೂ ಹೆಚ್ಚು ಅರ್ಥ ವಿವರಣೆ. 2019ರಲ್ಲಿ ಅದು 'ಅಲರ್' ಎಂಬ ಹೆಸರಿನಲ್ಲಿ ಮುಕ್ತ ಪರವಾನಗಿಯಡಿ ಜಾಲಕ್ಕೆ ಬಂತು. ನಿಘಂಟನ್ನು ನೋಡಲು ಬಿಟ್ಟದ್ದಷ್ಟೇ ಅಲ್ಲ, ಇಡೀ ಕಣಜವನ್ನೇ ಇಳಿಸಿಕೊಂಡು ಹೊಸ ಆ್ಯಪ್ ಕಟ್ಟಿ ಎಂದರು. ನಲವತ್ತು ವರ್ಷದ ದುಡಿಮೆಯನ್ನು ಬಾಗಿಲು ತೆರೆದಿಟ್ಟು ಕೊಡುವುದೆಂದರೆ ಸಣ್ಣ ಮಾತಲ್ಲ. ಆ ಪುಟ ತೆರೆದಾಗಲೆಲ್ಲ ನನಗೆ ಕೈಮುಗಿಯಬೇಕೆನಿಸುತ್ತದೆ.

ಈಗ ಕಾನೂನಿಗೆ ಬರುತ್ತೇನೆ. ಮುಕ್ತ ಎಂದರೆ ಕಾನೂನಿನ ಹೊರಗೆ ಎಂದುಕೊಂಡವರೇ ಹೆಚ್ಚು. ವಿಷಯ ಪೂರಾ ಉಲ್ಟಾ. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಗೆ 1984ರಲ್ಲಿ ಆದ ತಿದ್ದುಪಡಿಯಿಂದ ಕಂಪ್ಯೂಟರ್ ಪ್ರೋಗ್ರಾಂ ಕೂಡ ಸಾಹಿತ್ಯ ಕೃತಿ. ಕಾದಂಬರಿಗೆ ಇರುವ ರಕ್ಷಣೆಯೇ ಅದಕ್ಕೂ. ಬರೆದ ಗಳಿಗೆಯಿಂದ ಹಕ್ಕು ಹುಟ್ಟುತ್ತದೆ, ನೋಂದಣಿಯ ಹಂಗಿಲ್ಲ. ಆದ್ದರಿಂದ ನೀವು ಜಾಲದಲ್ಲಿ ಕೋಡ್ ಹಾಕಿ ಪರವಾನಗಿ ಬರೆಯದಿದ್ದರೆ ಅದು ಮುಕ್ತವಾಗುವುದಿಲ್ಲ. ಕಣ್ಣಿಗೆ ಕಾಣುತ್ತದೆ, ಕಾನೂನಿನಂತೆ ಯಾರೂ ಮುಟ್ಟುವಂತಿಲ್ಲ. ನಮ್ಮ ಕಾಲೇಜು ಹುಡುಗರು ಪ್ರಾಜೆಕ್ಟ್ ಹಾಕುವಾಗ ಮಾಡುವ ಮೊದಲ ತಪ್ಪು ಇದೇ. ಪರವಾನಗಿಗೆ ಬಲ ಬರುವುದು ಒಡೆತನದಿಂದ. ಹೊಲ ನಿಮ್ಮದಾದರೆ ತಾನೇ ದಾರಿ ಬಿಡುವ ಅಧಿಕಾರ?

ಹಾಗೆ ಬಿಟ್ಟ ದಾರಿಗೂ ಷರತ್ತಿದೆ ಎಂಬುದನ್ನು ಅಮೆರಿಕದ ನ್ಯಾಯಾಲಯವೊಂದು 2008ರಲ್ಲಿ ಆಟದ ರೈಲಿನ ನೆಪದಲ್ಲಿ ಹೇಳಿತು. ರಾಬರ್ಟ್ ಜೇಕಬ್‌ಸನ್ ಎಂಬ ಭೌತಶಾಸ್ತ್ರದ ಪ್ರಾಧ್ಯಾಪಕರು ಆಟದ ರೈಲು ಓಡಿಸುವ ತಂತ್ರಾಂಶವನ್ನು ಗೆಳೆಯರೊಂದಿಗೆ ಬರೆದು ಮುಕ್ತವಾಗಿ ಕೊಟ್ಟಿದ್ದರು. ಒಬ್ಬ ವ್ಯಾಪಾರಿ ಅದರ ಕಡತಗಳನ್ನು ಎತ್ತಿಕೊಂಡು, ಬರೆದವರ ಹೆಸರು ಅಳಿಸಿ, ತನ್ನ ಸರಕಿನಲ್ಲಿ ಸೇರಿಸಿದ. ಪುಕ್ಕಟೆ ಕೊಟ್ಟದ್ದಕ್ಕೆ ನಷ್ಟವೆಲ್ಲಿ ಎಂಬ ವಾದ ನಿಲ್ಲಲಿಲ್ಲ. ಷರತ್ತು ಮುರಿದರೆ ಪರವಾನಗಿಯ ಆಸರೆ ತಪ್ಪುತ್ತದೆ, ಅದು ಕೃತಿಸ್ವಾಮ್ಯದ ಉಲ್ಲಂಘನೆಯೇ ಆಗುತ್ತದೆ ಎಂದಿತು ಮೇಲ್ಮನವಿ ನ್ಯಾಯಾಲಯ.

ಹೆಸರು ಅಳಿಸಬಾರದು. ನಮ್ಮ ನೆಲಕ್ಕೆ ಇದು ಎಂಟುನೂರು ವರ್ಷದ ಹಳೆಯ ಮಾತು. ವಚನ ಯಾರದೂ ಸೊತ್ತಲ್ಲ; ಯಾರೂ ಹೇಳಬಹುದು, ಹಾಡಬಹುದು, ಬರೆದುಕೊಳ್ಳಬಹುದು. ಆದರೆ ಕೊನೆಯ ಅಂಕಿತ ಬದಲಿಸುವಂತಿಲ್ಲ. ಬಸವಣ್ಣನವರ ಅಂಕಿತ ಬದಲಿಸಿ ಮಾತೆ ಮಹಾದೇವಿಯವರು ತಂದ 'ಬಸವ ವಚನ ದೀಪ್ತಿ' ಪುಸ್ತಕವನ್ನು ಸರ್ಕಾರ 1998ರಲ್ಲಿ ಮುಟ್ಟುಗೋಲು ಹಾಕಿಕೊಂಡದ್ದು, 2017ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿದದ್ದು ಬೇರೆ ಕಾನೂನಿನಡಿ, ಭಕ್ತರ ಭಾವನೆಯ ಪ್ರಶ್ನೆಯಾಗಿ. ಆದರೂ ಅಂಕಿತ ಎಂಬ ಮೂರು ಅಕ್ಷರಕ್ಕೆ ಈ ನಾಡು ಕೊಡುವ ತೂಕ ಅದರಲ್ಲಿ ಕಾಣುತ್ತದೆ. ವಿಜಯಪುರದಲ್ಲಿ ವಕೀಲಿ ಮಾಡುತ್ತಿದ್ದ ಫ.ಗು. ಹಳಕಟ್ಟಿಯವರು ತಾಳೆಗರಿ ಹುಡುಕಿಕೊಂಡು ಮನೆಮನೆ ಅಲೆದು, 1923ರಲ್ಲಿ 'ವಚನಶಾಸ್ತ್ರಸಾರ' ತಂದು, ಅಚ್ಚಿನ ಯಂತ್ರಕ್ಕಾಗಿ ಮನೆ ಮಾರಿಕೊಂಡರು. ಇಂದು ವಚನ ಸಂಚಯ ಜಾಲತಾಣದಲ್ಲಿ 20 ಸಾವಿರಕ್ಕೂ ಹೆಚ್ಚು ವಚನಗಳನ್ನು ಪದಪದವಾಗಿ ಹುಡುಕಬಹುದು. ಅದನ್ನು ಕಟ್ಟಿದ ಓಂಶಿವಪ್ರಕಾಶ್ ಮತ್ತು ಗೆಳೆಯರು ಹಳಕಟ್ಟಿಯವರ ದಾರಿಯಲ್ಲೇ ನಡೆದವರು. ಹಳಕಟ್ಟಿ ತೀರಿಕೊಂಡದ್ದು 1964ರಲ್ಲಿ. ಲೇಖಕನ ಜೀವಿತಾವಧಿ ಮತ್ತು ಆಮೇಲಿನ 60 ವರ್ಷ ಎಂಬ ನಮ್ಮ ಕಾಯ್ದೆಯ ಲೆಕ್ಕದಂತೆ ಅವರು ಬದುಕಿದ್ದಾಗ ಪ್ರಕಟಿಸಿದ ಬರಹಗಳು 2025ರ ಜನವರಿ 1ರಿಂದ ಎಲ್ಲರ ಸೊತ್ತು. ಪತ್ರಿಕೆಗಳಲ್ಲಿ ಅಂದು ಅದೊಂದು ಸುದ್ದಿಯಾಗಬೇಕಿತ್ತು ಎಂದು ನನಗೆ ಇಂದಿಗೂ ಅನಿಸುತ್ತದೆ.

ಶಿಗ್ಗಾವಿಯ ಹುಡುಗರು ಕೇಳುವ ಇನ್ನೊಂದು ಪ್ರಶ್ನೆ: ಷರೀಫಜ್ಜನ ಹಾಡು ಹಾಕಿದರೆ ಯೂಟ್ಯೂಬಿನವರು ತಕರಾರು ಯಾಕೆ ಮಾಡುತ್ತಾರೆ? 1889ರಲ್ಲಿ ತೀರಿಕೊಂಡ ಷರೀಫರ ಪದಗಳ ಮೇಲೆ ಇಂದು ಯಾರ ಹಕ್ಕೂ ಇಲ್ಲ. ಸಿ. ಅಶ್ವತ್ಥ್ ಕಟ್ಟಿದ ರಾಗ, ಹಾಡಿ ಮುದ್ರಿಸಿದ ಧ್ವನಿಯ ಮೇಲೆ ಹಕ್ಕಿದೆ. ಧ್ವನಿಮುದ್ರಣಕ್ಕೆ ಪ್ರಕಟವಾದ ಮೇಲೆ 60 ವರ್ಷ. ಭಜನಾ ಮೇಳದ ಹಳೆಯ ಧಾಟಿಯಲ್ಲಿ ನೀವೇ ಹಾಡಿ ಹಾಕಿದರೆ ಯಾರೂ ತಡೆಯುವಂತಿಲ್ಲ. ಪದ, ರಾಗ, ಮುದ್ರಣ ಮೂರೂ ಬೇರೆ ಬೇರೆ ಹೊಲ ಎಂದು ತಿಳಿದರೆ ಮುಕ್ಕಾಲು ಗೊಂದಲ ಹರಿಯುತ್ತದೆ.

ಪೇಟೆಂಟಿನ ಬಗ್ಗೆ ಎರಡೇ ಮಾತು. ಕೃತಿಸ್ವಾಮ್ಯ ನೀವು ಬರೆದ ಸಾಲುಗಳಿಗೆ. ಪೇಟೆಂಟ್ ಆ ಸಾಲುಗಳ ಹಿಂದಿನ ಉಪಾಯಕ್ಕೇ ಬೇಲಿ ಹಾಕುತ್ತದೆ. ಬರೀ ಕಂಪ್ಯೂಟರ್ ಪ್ರೋಗ್ರಾಂ ಆದದ್ದು ಪೇಟೆಂಟಿಗೆ ತಕ್ಕ ಆವಿಷ್ಕಾರವಲ್ಲ ಎಂದು ನಮ್ಮ ಪೇಟೆಂಟ್ ಕಾಯ್ದೆಯ 3(ಕೆ) ಹೇಳುತ್ತದೆ. 2002ರ ಈ ಗೆರೆಯನ್ನು 2004ರ ಸುಗ್ರೀವಾಜ್ಞೆ ಸಡಿಲಿಸಲು ಹೋದಾಗ ಸಂಸತ್ತು 2005ರಲ್ಲಿ ಒಪ್ಪಲಿಲ್ಲ. ಈ ಗೆರೆ ಗಟ್ಟಿಯಾಗಿ ಉಳಿಯಬೇಕು. ಊರಲ್ಲಿ ಕೂತು ಕೋಡ್ ಬರೆಯುವ ಒಬ್ಬಂಟಿ ಹುಡುಗಿಗೆ ಪೇಟೆಂಟ್ ವಕೀಲರ ಫೀ ಎಲ್ಲಿಂದ ಬರಬೇಕು?

ನೌಕರಿಯ ಪ್ರಶ್ನೆಗೆ ಬರುವ ಮೊದಲು ನನ್ನದೇ ಒಂದು ಗಾಯ ತೋರಿಸಬೇಕು. ಮೊದಲ ಕೆಲಸಕ್ಕೆ ಸೇರಿದ ದಿನ ಇಪ್ಪತ್ತೆರಡು ಪುಟದ ಕರಾರಿಗೆ ಓದದೆ ಸಹಿ ಹಾಕಿದೆ. ಅಪ್ಪ ಪಕ್ಕದಲ್ಲಿದ್ದರು, ಊರಿನ ಬಸ್ಸಿನ ಹೊತ್ತಾಗಿತ್ತು. ಒಂದು ವರ್ಷದ ಮೇಲೆ, ರಾತ್ರಿ ಮನೆಯಲ್ಲಿ ನನ್ನ ಸ್ವಂತ ಕಂಪ್ಯೂಟರಿನಲ್ಲಿ, ಕನ್ನಡದ ಪದಗಳನ್ನು ಅಕಾರಾದಿಯಾಗಿ ಜೋಡಿಸುವ ಸಣ್ಣದೊಂದು ಸಲಕರಣೆ ಬರೆದು ಜಾಲಕ್ಕೆ ಹಾಕಿದೆ. ವಾರದೊಳಗೆ ಕರೆ ಬಂತು. ನೌಕರಿಯಲ್ಲಿದ್ದಷ್ಟು ಕಾಲ ಯಾವ ಹೊತ್ತಿನಲ್ಲಿ, ಎಲ್ಲಿ ಕೂತು ಏನೇ ಬರೆದರೂ ಅದು ಕಂಪನಿಯದು ಎಂದು ಹದಿನೇಳನೇ ಪುಟದಲ್ಲಿತ್ತು. ತೆಗೆದು ಹಾಕಿದೆ. ಅದನ್ನು ಮತ್ತೆ ಬರೆಯುವ ಮನಸ್ಸು ಆಮೇಲೆ ಬರಲೇ ಇಲ್ಲ.

ಕೃತಿಸ್ವಾಮ್ಯ ಕಾಯ್ದೆಯ 17ನೇ ಕಲಮು ಹೇಳುವುದು, ಬೇರೆ ಒಪ್ಪಂದವಿಲ್ಲದಿದ್ದರೆ, ನೌಕರಿಯ ಕೆಲಸವಾಗಿ ಮಾಡಿದ್ದು ಧಣಿಯದು ಎಂದು. ಅದು ನ್ಯಾಯವೇ, ಸಂಬಳ ಕೊಟ್ಟವರ ಕೆಲಸ ಅವರದು. ಅದನ್ನು ದಾಟಿ ನಿಮ್ಮ ರಾತ್ರಿಗಳಿಗೂ ಕೈ ಚಾಚುವುದು ಕರಾರಿನ ಒಳಪುಟಗಳು. ಸೇರುವ ಮೊದಲೇ, "ನನ್ನ ಸ್ವಂತ ಹೊತ್ತಿನ ಮುಕ್ತ ಕೆಲಸ ನನ್ನದಾಗಿರಲಿ" ಎಂದು ಬರೆದು ಕೇಳಿ. ಎಷ್ಟೋ ಕಂಪನಿಗಳು ಒಪ್ಪುತ್ತವೆ, ಕೇಳುವವರೇ ಇಲ್ಲ. ನೌಕರಿ ಬಿಟ್ಟ ಮೇಲೆ ಇಂಥ ಕಡೆ ಸೇರಬಾರದು ಎಂಬ ಷರತ್ತಿಗೆ ಹೆದರಬೇಡಿ. 1872ರ ಕರಾರು ಕಾಯ್ದೆಯ 27ನೇ ಕಲಮಿನಂತೆ ಒಬ್ಬರ ದುಡಿಮೆಗೆ ಅಡ್ಡಹಾಕುವ ಕರಾರಿಗೆ ಬೆಲೆಯಿಲ್ಲ. ಆದರೆ ಬಾಂಡ್ ಬೇರೆ ಮಾತು. ಬ್ಯಾಂಕೊಂದರ ಪ್ರಕರಣದಲ್ಲಿ ಮೂರು ವರ್ಷಕ್ಕೆ ಮೊದಲೇ ಬಿಟ್ಟವರು 2 ಲಕ್ಷ ರೂಪಾಯಿ ಕಟ್ಟಬೇಕೆಂಬ ಷರತ್ತನ್ನು ಸುಪ್ರೀಂ ಕೋರ್ಟ್ 2025ರ ಮೇ ತಿಂಗಳಲ್ಲಿ ಎತ್ತಿಹಿಡಿದಿದೆ. ಮೂಲ ಅಂಕಪಟ್ಟಿ ಮಾತ್ರ ಯಾರ ಕೈಗೂ ಕೊಟ್ಟು ಬರಬೇಡಿ.

ಹಾಗಾದರೆ ಪುಕ್ಕಟೆ ಕೊಟ್ಟವರಿಗೆ ನೌಕರಿ ಯಾರು ಕೊಡುತ್ತಾರೆ? ಬೆಂಗಳೂರಿನ ದೊಡ್ಡ ಕಾಲೇಜಿನ ಹುಡುಗನಿಗೆ ಕಾಲೇಜಿನ ಹೆಸರೇ ಶಿಫಾರಸು. ರಟ್ಟೀಹಳ್ಳಿಯಿಂದ ಹೋದವಳಿಗೆ ಆ ಹೆಸರಿಲ್ಲ, ಪರಿಚಯದವರಿಲ್ಲ, ಫೋನ್ ಸಂದರ್ಶನದಲ್ಲಿ ಇಂಗ್ಲಿಷ್ ತಡವರಿಸುತ್ತದೆ. ಆದರೆ ಅವಳು ಮುಕ್ತ ಯೋಜನೆಯೊಂದರಲ್ಲಿ ತಿದ್ದಿದ ಹತ್ತು ಸಾಲು ಅವಳ ಹೆಸರು, ತಾರೀಖಿನ ಸಮೇತ ಎಲ್ಲರಿಗೂ ಕಾಣುವಂತೆ ನಿಂತಿರುತ್ತದೆ. ತಿದ್ದುಪಡಿ ಕಳಿಸಿದರೆ ಒಪ್ಪುವ ಮೊದಲು ಯಾವುದೋ ದೇಶದ ಹಿರಿಯರು ಅದನ್ನು ಸಾಲುಸಾಲಾಗಿ ಓದಿ, ಇಲ್ಲಿ ತಪ್ಪಿದೆ, ಹೀಗೆ ಮಾಡು ಎನ್ನುತ್ತಾರೆ. ಜಿಓಟಿ ಇದ್ದ ಹಾಗೆ. ಪಾಸಾದರೆ ಬೀಜದ ಶುದ್ಧಿಯ ಬಗ್ಗೆ ಎರಡು ಮಾತಿಲ್ಲ. ಲಕ್ಷಾಂತರ ರೂಪಾಯಿ ಕೊಟ್ಟು ಸೇರುವ ಕೋರ್ಸಿನಲ್ಲೂ ಈ ಪಾಠ ಸಿಗುವುದಿಲ್ಲ. 2005ರಿಂದ ಗೂಗಲ್ ಸಮ್ಮರ್ ಆಫ್ ಕೋಡ್ ಮುಕ್ತ ಯೋಜನೆಗಳಲ್ಲಿ ಕಲಿಯುತ್ತ ದುಡಿಯುವವರಿಗೆ ಹಣ ಕೊಡುತ್ತಿದೆ. ಔಟ್‌ರೀಚಿ ಎಂಬ ಕಾರ್ಯಕ್ರಮ ಹೆಣ್ಣುಮಕ್ಕಳಿಗೆ, ಅವಕಾಶ ಸಿಗದವರಿಗೆ ಬಾಗಿಲು ತೆರೆದಿದೆ. ಎರಡಕ್ಕೂ ಮನೆಯಿಂದಲೇ ದುಡಿಯಬಹುದು.

ಆದರೆ ಬರೀ ಹೊಗಳಿ ಕೂತರೆ ಸುಳ್ಳಾಗುತ್ತದೆ. ಕುಮುದ್ವತಿಗೆ ಕಟ್ಟಿದ ಮದಗ-ಮಾಸೂರು ಕೆರೆಯನ್ನು ಕಂಡ ನಮಗೆ ಕೆರೆಯ ಹೂಳು ಅಂದರೇನೆಂದು ಗೊತ್ತು. ನೀರು ಎಲ್ಲರಿಗೂ ಬೇಕು, ಹೂಳೆತ್ತುವ ದಿನ ಊರಲ್ಲಿ ಜನವಿಲ್ಲ. 2024ರ ಮಾರ್ಚಿನಲ್ಲಿ ಜಗತ್ತು ಇದನ್ನು ಕಣ್ಣಾರೆ ಕಂಡಿತು. ಎಕ್ಸ್‌ಜೆಡ್ ಎಂಬ ಸಣ್ಣ ಸಲಕರಣೆ, ಕಡತಗಳನ್ನು ಕುಗ್ಗಿಸುವುದು ಅದರ ಕೆಲಸ. ಲೆಕ್ಕವಿಲ್ಲದಷ್ಟು ಸರ್ವರುಗಳಲ್ಲಿ ಇದೆ. ಸಂಬಳವಿಲ್ಲದೆ ವರ್ಷಗಟ್ಟಲೆ ಅದನ್ನು ನೋಡಿಕೊಂಡವರು ಒಬ್ಬರೇ, ದಣಿದಿದ್ದರು. ಸಹಾಯ ಮಾಡುವ ನೆಪದಲ್ಲಿ ಎರಡು ವರ್ಷಕ್ಕೂ ಮೇಲೆ ಜೊತೆಗಿದ್ದು ನಂಬಿಕೆ ಗಳಿಸಿದ ಒಬ್ಬ ಅದರೊಳಗೆ ಕಳ್ಳಬಾಗಿಲು ಕೊರೆದ. ಆಂಡ್ರೆಸ್ ಫ್ರಾಯ್ಂಡ್ ಎಂಬ ಎಂಜಿನಿಯರ್ ತನ್ನ ಕಂಪ್ಯೂಟರಿಗೆ ಲಾಗಿನ್ ಆಗಲು ಅರ್ಧ ಸೆಕೆಂಡು ಹೆಚ್ಚು ಹಿಡಿಯುತ್ತಿದೆಯಲ್ಲ ಎಂದು ಬೆನ್ನುಹತ್ತಿದ್ದಕ್ಕೆ ಸಿಕ್ಕಿತು. ಮೂಲಸಂಕೇತ ತೆರೆದಿದ್ದಕ್ಕೆ ಹಿಡಿಯಲು ಸಾಧ್ಯವಾಯಿತು ಎಂಬುದು ನಿಜ. ನೋಡಿಕೊಳ್ಳುವವರು ಒಬ್ಬರೇ ದಣಿದು ಕೂತಿದ್ದರು ಎಂಬುದು ಅಷ್ಟೇ ನಿಜ.

ಕೋಟಿಗಟ್ಟಲೆ ವಹಿವಾಟಿನ ಕಂಪನಿಗಳು ಈ ಕೆರೆಯ ನೀರಿನಲ್ಲೇ ಬೆಳೆ ತೆಗೆಯುತ್ತವೆ. ಬೆಂಗಳೂರಿನ ಜೆರೋಧಾ 2024ರ ಅಕ್ಟೋಬರಿನಲ್ಲಿ ಫ್ಲಾಸ್ ಫಂಡ್ ಎಂಬ ನಿಧಿ ಕಟ್ಟಿ, ಜಗತ್ತಿನ ಮುಕ್ತ ಯೋಜನೆಗಳಿಗೆ ವರ್ಷಕ್ಕೆ 10 ಲಕ್ಷ ಡಾಲರ್ ಕೊಡುವುದಾಗಿ ಹೇಳಿತು. ಒಳ್ಳೆಯ ಕೆಲಸ. ಉಳಿದ ದೊಡ್ಡವರು ಎಲ್ಲಿ? ಸರ್ಕಾರವೂ 2015ರಲ್ಲಿ ಇ-ಆಡಳಿತಕ್ಕೆ ಮುಕ್ತ ತಂತ್ರಾಂಶವೇ ಮೊದಲ ಆಯ್ಕೆ ಎಂದು ನೀತಿ ಬರೆದಿದೆ. ಸಾರ್ವಜನಿಕರ ಹಣದಲ್ಲಿ ಬರೆಸಿದ ಕೋಡ್ ಸಾರ್ವಜನಿಕರಿಗೆ ತೆರೆದಿರಬೇಕು ಎಂಬುದರಲ್ಲಿ ನನಗೆ ಎಳ್ಳಷ್ಟೂ ಅನುಮಾನವಿಲ್ಲ. ಪಹಣಿಯ ಸರತಿಯಲ್ಲಿ ನಿಂತ ರೈತನ ಮಗಳು, ಆ ಪರದೆಯ ಹಿಂದಿನ ಸಾಲುಗಳನ್ನು ಓದಿ ಕಲಿಯುವಂತಾದರೆ ಯಾರಿಗೇನು ನಷ್ಟ?

ಕೃತಕ ಬುದ್ಧಿಮತ್ತೆ ಬಂದ ಮೇಲೆ ಅಂಕಿತದ ಪ್ರಶ್ನೆ ಮತ್ತೆ ಎದ್ದಿದೆ. ಮುಕ್ತವಾಗಿ ಇಟ್ಟ ಕೋಡನ್ನೆಲ್ಲ ಓದಿ, ಬರೆದವರ ಹೆಸರು ಹೇಳದೆ, ಯಂತ್ರ ಹೊಸ ಕೋಡ್ ಉದುರಿಸುತ್ತದೆ. ಇದು ಸರಿಯೇ ಎಂದು 2022ರಲ್ಲೇ ಅಮೆರಿಕದಲ್ಲಿ ಕೋಡ್ ಇಡುವ ತಾಣ ಗಿಟ್‌ಹಬ್ ಮೇಲೆ ದಾವೆ ಬಿತ್ತು. ದೆಹಲಿ ಹೈಕೋರ್ಟಿನಲ್ಲಿ 2024ರ ನವೆಂಬರಿನಿಂದ ಎಎನ್‌ಐ ಸುದ್ದಿ ಸಂಸ್ಥೆ ಓಪನ್‌ಎಐ ಜೊತೆ ವಾದಕ್ಕೆ ನಿಂತಿದೆ. ಓದಿ ಕಲಿಯುವುದಕ್ಕೆ ನನ್ನ ತಕರಾರಿಲ್ಲ, ಮುಕ್ತ ತಂತ್ರಾಂಶ ಇರುವುದೇ ಓದಲಿ ಎಂದು. ಕಲಿತು ಕಟ್ಟಿದ ಯಂತ್ರವನ್ನು ಬೀಗ ಹಾಕಿ ಮಾರುವಾಗ, ಒಂದೂಕಾಲು ಸೇರಿನಲ್ಲಿ ಆ ಕಾಲು ಸೇರು ಯಾರಿಗೆ ಸೇರಬೇಕೆಂದು ಕೇಳುವ ಹಕ್ಕು ನಮಗಿದೆ.

ಡಿಟಿಪಿ ಅಂಗಡಿಗಳಿಗೂ ಒಂದು ಮಾತು. ನಕಲಿ ತಂತ್ರಾಂಶವೆಂದು ಗೊತ್ತಿದ್ದೂ ಬಳಸಿದರೆ ಕೃತಿಸ್ವಾಮ್ಯ ಕಾಯ್ದೆಯ 63ಬಿ ಪ್ರಕಾರ ಏಳು ದಿನದಿಂದ ಮೂರು ವರ್ಷದವರೆಗೆ ಸಜೆ, 50 ಸಾವಿರದಿಂದ 2 ಲಕ್ಷದವರೆಗೆ ದಂಡ ಬೀಳಬಹುದು. ಲಗ್ನಪತ್ರಿಕೆಗೆ ಇಂಕ್‌ಸ್ಕೇಪ್, ಪುಸ್ತಕಕ್ಕೆ ಸ್ಕ್ರೈಬಸ್, ಅರ್ಜಿಗೆ ಲಿಬ್ರೆಆಫೀಸ್ ಇದೆ. ಲಿಬ್ರೆಆಫೀಸಿನ ಗುಂಡಿ, ಪಟ್ಟಿಗಳು ಕನ್ನಡದಲ್ಲೂ ಸಿಗುತ್ತವೆ. ಕಲಿಯಲು ಒಂದು ತಿಂಗಳು ಕಷ್ಟ. ಆಮೇಲೆ ಯಾರಿಗೂ ಹೆದರಬೇಕಿಲ್ಲ.

ಆ ಹಿರಿಯರ ಸಹಕಾರಿ ಸಂಘದ ನಡಾವಳಿಯನ್ನು ಯೂನಿಕೋಡ್ ಪರಿವರ್ತಕಕ್ಕೆ ಹಾಕಿದಾಗ ಮುಕ್ಕಾಲು ಪಾಲು ಚೊಕ್ಕ ಕನ್ನಡವಾಗಿ ಬಂತು. ಸಂಘದವರು ಬಳಸಿದ ಹಳೆಯ ಫಾಂಟಿನಲ್ಲಿ ಅರ್ಕಾವೊತ್ತು ಮಾತ್ರ ಜಾಗ ತಪ್ಪುತ್ತಿತ್ತು. 'ಕಾರ್ಯದರ್ಶಿ' ಇದ್ದಲ್ಲೆಲ್ಲ ಅಕ್ಷರ ಹಿಂದುಮುಂದಾಗಿತ್ತು. ಫೈಲನ್ನು ಟೊಮೆಟೊ ಪ್ಲಾಟಿನ ಆ ಹುಡುಗಿಗೆ ಕೊಟ್ಟು, "ಮೂಲಸಂಕೇತ ಅಲ್ಲೇ ಐತಿ, ಯಾಕ ಹಿಂಗಾಗತೈತಿ ನೋಡವ್ವಾ" ಎಂದಿದ್ದೆ. ಹನ್ನೊಂದು ದಿನ ಸುದ್ದಿಯಿರಲಿಲ್ಲ. ಹನ್ನೆರಡನೇ ದಿನ ಸಂಜೆ ಅವರ ಮನೆಗೆ ಹೋದರೆ, ಕ್ರಾಸಿಂಗ್ ಮುಗಿಸಿ ಬಂದು ಪಡಸಾಲೆಯಲ್ಲಿ ಲ್ಯಾಪ್‌ಟಾಪ್ ತೆರೆದು ಕೂತಿದ್ದಳು. ಟೊಮೆಟೊ ಎಲೆಯ ಹಸಿರುಗಪ್ಪು ಕಲೆ ಎಷ್ಟು ತೊಳೆದರೂ ಬೆರಳಿನಿಂದ ಪೂರ್ತಿ ಹೋಗುವುದಿಲ್ಲ, ಎಫ್ ಗುಂಡಿಯ ಮೇಲೂ ಸ್ವಲ್ಪ ಹತ್ತಿತ್ತು. ಅವಳು ತಿದ್ದಿದ ನಾಲ್ಕು ಸಾಲಿಗೆ ಉತ್ತರ ಬಂದಿತ್ತು: ತಿದ್ದುಪಡಿ ಸರಿಯಿದೆ, ಆದರೆ ಇದನ್ನು ಪರೀಕ್ಷಿಸುವ ಉದಾಹರಣೆ ಪದಗಳನ್ನೂ ಜೊತೆಗೆ ಕಳಿಸಬೇಕು.

"ಯಾವ ಪದ ಕಳಸ್ಲ್ರೀ ಅಣ್ಣಾ?" ಎಂದಳು.

ಒಳಗಿನಿಂದ ತಾಯಿ ಕೂಗಿ ಹೇಳಿದರು: "ವರ್ಷ, ಕಾರ್ತೀಕ, ದುರ್ಗವ್ವ... ನಮ್ಮ ಹೊಲದ ಮೂರ್ತೆಪ್ಪನ್ನೂ ಸೇರ್ಸವಾ."

ಅವಳು ಒಂದೊಂದಾಗಿ ಟೈಪ್ ಮಾಡತೊಡಗಿದಳು.